ಬಿ ಫಾರಂ ಕೊಟ್ಟವನೇ ಯಜಮಾನ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ ನಾವು ಯಾರು?



ಮತ ಹಾಕಿದ ದಿನ ನಿಮ್ಮ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ಎಲ್ಲಿಯದು ಗೊತ್ತೇ? ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರಿಂದ ಇಡೀ ದೇಶದ ಬೆರಳಿಗೆ ಶಾಯಿ ಕಳಿಸುತ್ತಿದೆ. ಹೆಮ್ಮೆಪಡಿ, ಬೇಡವೆನ್ನುವುದಿಲ್ಲ. ಆದರೆ ಆ ಶಾಯಿ ಉಗುರಿನಿಂದ ಮಾಸುವ ಮೊದಲೇ ನೀವು ಗೆಲ್ಲಿಸಿದ ಮಹಾಶಯ ಬಸ್ಸು ಹತ್ತಿ ರೆಸಾರ್ಟಿಗೆ ಹೋಗಿರುತ್ತಾನೆ. 2018ರ ಮೇ ತಿಂಗಳು ನೆನಪಿಸಿಕೊಳ್ಳಿ. 15ಕ್ಕೆ ಫಲಿತಾಂಶ. ಆ ವಾರ ಮುಗಿಯುವುದರೊಳಗೆ ನಮ್ಮ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೈದರಾಬಾದಿಗೆ ಸಾಗಿಸಿದ್ದರು. ನನ್ನ ಬೆರಳಿನಲ್ಲಿ ಆಗಿನ್ನೂ ಶಾಯಿ ಇತ್ತು.

ನಾನೂ ಶಾಯಿಯ ಕಸುಬಿನವನೇ. ಬೆಂಗಳೂರಿನ ಒಂದು ಗಲ್ಲಿಯಲ್ಲಿ ಸಣ್ಣ ಪ್ರೆಸ್ಸು ಇಟ್ಟುಕೊಂಡಿದ್ದೇನೆ. ಅಪ್ಪ ಮೊಳೆ ಜೋಡಿಸುತ್ತಿದ್ದರು, ಟ್ರೆಡಲ್ ತುಳಿಯುತ್ತಿದ್ದರು. ನನ್ನದು ಆಫ್‌ಸೆಟ್. ಓದಿದ್ದು ಪಿಯುಸಿ, ಅದೂ ಎರಡನೇ ಸಲಕ್ಕೆ ಪಾಸು. ಮದುವೆ ಕಾರ್ಡು, ಬಿಲ್ ಪುಸ್ತಕ, ತಿಥಿ ಪತ್ರ, ರಾಜ್ಯೋತ್ಸವದ ಪೋಸ್ಟರ್, ಇವು ನನ್ನ ಅನ್ನ. ಚುನಾವಣೆ ಬಂದರೆ ಕರಪತ್ರ. ಆ ಕರಪತ್ರದಿಂದಲೇ ನನಗೆ ಈ ಪ್ರಜಾಪ್ರಭುತ್ವದ ಒಳಗುಟ್ಟು ತಿಳಿದದ್ದು. ಪ್ರೊಫೆಸರುಗಳು ಪುಸ್ತಕ ಓದಿ ತಿಳಿದುಕೊಳ್ಳಲಿ.

ಚುನಾವಣೆ ಕರಪತ್ರದ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಯಾರೂ ಓದುವುದಿಲ್ಲ. ಮುದ್ರಕರ ಹೆಸರು, ವಿಳಾಸ, ಪ್ರಕಾಶಕರ ಹೆಸರು, ವಿಳಾಸ. ಅದು ನಾನು ಶೋಕಿಗೆ ಹಾಕಿಕೊಳ್ಳುವುದಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹಾಗೆ ಮಾಡೆಂದು ನನಗೆ ಆಜ್ಞೆ ಮಾಡಿದೆ. ಅಚ್ಚು ಹಾಕಿಸುವವನು ತಾನು ಯಾರೆಂದು ಸಹಿ ಮಾಡಿ ಎರಡು ಪ್ರತಿ ಘೋಷಣೆ ಕೊಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ನಾನು ಆ ಘೋಷಣೆಯ ಒಂದು ಪ್ರತಿಯನ್ನೂ ಅಚ್ಚಾದ ಕರಪತ್ರವನ್ನೂ ಮುಖ್ಯ ಚುನಾವಣಾಧಿಕಾರಿಗೆ ತಲುಪಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಸರಿ, ಕಾನೂನು ಒಳ್ಳೆಯದೇ. ಹೆಸರಿಲ್ಲದೆ ಕೊಳಕು ಬರೆದು ಹಂಚುವವರನ್ನು ಹಿಡಿಯಲು ಬೇಕು. ಆದರೆ ನೀವೇ ಯೋಚಿಸಿ ನೋಡಿ. ಆ ಕಾಗದದಲ್ಲಿ ಕೆಳಗಿನ ಒಂದು ಸಾಲಿಗೆ ನಾನು ಜವಾಬ್ದಾರ. ಮೇಲಿನ ಮೂವತ್ತು ಸಾಲಿಗೆ, ಕೆರೆ ಉಳಿಸುತ್ತೇನೆ, ಕನ್ನಡ ಶಾಲೆ ಮುಚ್ಚಲು ಬಿಡುವುದಿಲ್ಲ, ಕನ್ನಡದ ಹುಡುಗರಿಗೆ ಕೆಲಸ ಕೊಡಿಸುತ್ತೇನೆ ಎಂಬ ಮೂವತ್ತು ಸಾಲಿಗೆ, ಯಾರು ಜವಾಬ್ದಾರ? ಯಾರೂ ಇಲ್ಲ! ಆ ಮಾತಿಗೆ ತಪ್ಪಿದರೆ ಯಾವ ಕಲಮೂ ಇಲ್ಲ, ಆರು ತಿಂಗಳೂ ಇಲ್ಲ, ಎರಡು ಸಾವಿರವೂ ಇಲ್ಲ. ಅಚ್ಚು ಹಾಕಿದವನು ಸಿಕ್ಕಿಬೀಳುತ್ತಾನೆ, ಮಾತು ಕೊಟ್ಟವನು ವಿಧಾನಸೌಧದ ಮೆಟ್ಟಿಲು ಹತ್ತುತ್ತಾನೆ.

ಹಳೇ ಫೈಲು, ಹೊಸ ಚಿಹ್ನೆ

ಒಂದು ಸಂಗತಿ ಹೇಳುತ್ತೇನೆ. ಕ್ಷೇತ್ರದ ಹೆಸರು ಕೇಳಬೇಡಿ, ನಾನು ವ್ಯಾಪಾರ ಮಾಡಿ ಬದುಕಬೇಕು. 2018ರಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ಕರಪತ್ರ ಅಚ್ಚು ಹಾಕಿಸಿದರು. ಕೈಮುಗಿದ ಫೋಟೋ, 'ನಿಮ್ಮ ಮನೆಯ ಮಗ', ಎದುರು ಪಕ್ಷದವರು ಹೇಗೆ ನಾಡನ್ನು ಮಾರಿದರೆಂದು ನಾಲ್ಕು ಪ್ಯಾರಾ. 2019ರ ಕೊನೆಯಲ್ಲಿ ಉಪಚುನಾವಣೆ ಬಂತು. ಅದೇ ಜನ ಬಂದರು. ಈ ಸಲ ಆ ಎದುರು ಪಕ್ಷದ ಚಿಹ್ನೆ. ನಮ್ಮಲ್ಲಿ ಡಿಟಿಪಿ ಮಾಡುವ ಹುಡುಗ ನನ್ನ ಮುಖ ನೋಡಿ ಕೇಳಿದ: 'ಅಣ್ಣಾ, ಹಳೇ ಫೈಲೇ ಇದೆಯಲ್ಲ, ಚಿಹ್ನೆ, ಬಣ್ಣ ಬದಲಾಯಿಸಿ ಆ ನಾಲ್ಕು ಪ್ಯಾರಾ ತೆಗೆದರೆ ಸಾಕಲ್ವಾ?' ಸಾಕಾಯಿತು. ಅರ್ಧ ಗಂಟೆಯ ಕೆಲಸ. ಫೋಟೋ ಅದೇ, ನಗು ಅದೇ, ಮನೆಯ ಮಗನೂ ಅವನೇ. ಬಾಡಿಗೆ ಮನೆ ಮಾತ್ರ ಬೇರೆ. (ಮೊದಲನೇ ಸಲದ ಬಿಲ್ಲಿನ ಅರ್ಧ ಹಣ ಇನ್ನೂ ಬಂದಿಲ್ಲ. ಯಾವ ಪಕ್ಷವನ್ನು ಕೇಳಬೇಕೆಂದೇ ತಿಳಿಯುತ್ತಿಲ್ಲ.)

ಇದು ಒಬ್ಬನ ಕತೆಯಲ್ಲ. 2019ರ ಜುಲೈನಲ್ಲಿ ಆಡಳಿತ ಪಕ್ಷಗಳ ಶಾಸಕರು ಸಾಲುಗಟ್ಟಿ ರಾಜೀನಾಮೆ ಕೊಟ್ಟರು, ಹೆಚ್ಚಿನವರು ಮುಂಬೈ ಹೋಟೆಲಿನಲ್ಲಿ ಕೂತರು. ಜುಲೈ 23ರಂದು 99ಕ್ಕೆ 105 ಮತಗಳಿಂದ ಕುಮಾರಸ್ವಾಮಿ ಸರ್ಕಾರ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಚುನಾವಣೆಗೆ ನಿಲ್ಲಬಾರದೆಂದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟು ಹೇಳಿತು: ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಮತದಾನ. ಅನರ್ಹರಾದ 13 ಜನರಿಗೆ ಬಿಜೆಪಿ ಟಿಕೆಟ್ ಕೊಟ್ಟಿತು, 11 ಜನ ಗೆದ್ದರು. ಅವರಲ್ಲಿ 10 ಜನ 2020ರ ಫೆಬ್ರವರಿಯಲ್ಲಿ ಮಂತ್ರಿಗಳು! ಸೋತ ಇಬ್ಬರಿಗೂ ನಷ್ಟವಾಗಲಿಲ್ಲ. ಜನ ಮುಂಬಾಗಿಲಲ್ಲಿ ತಡೆದರು, ಪಕ್ಷ ಹಿತ್ತಲ ಬಾಗಿಲಲ್ಲಿ ವಿಧಾನ ಪರಿಷತ್ತಿಗೆ ಕರೆದುಕೊಂಡಿತು.

ಆಗ ನೀವು ಕೇಳಬಹುದು: ಜನರೇ ಗೆಲ್ಲಿಸಿದರಲ್ಲ ಸ್ವಾಮಿ, ಇನ್ನು ನಿಮ್ಮದೇನು? ಸರಿಯಾದ ಪ್ರಶ್ನೆ, ಉತ್ತರ ಹೇಳದೆ ಜಾರಿಕೊಳ್ಳುವುದಿಲ್ಲ. ಹೌದು, ಗೆಲ್ಲಿಸಿದೆವು. ಯಾಕೆ? ನನ್ನ ಪಕ್ಕದ ಅಂಗಡಿಯವನು ಹೇಳಿದ್ದು ಕೇಳಿ: 'ಸರ್ಕಾರ ಯಾರದ್ದೋ ಆಗಿಹೋಯ್ತು. ಇವನು ಗೆದ್ದರೆ ಮಂತ್ರಿ ಆಗ್ತಾನೆ, ರಸ್ತೆ ಆಗುತ್ತೆ. ಸೋಲಿಸಿ ನಾವೇನು ಮಾಡೋಣ?' ಇದು ಒಪ್ಪಿಗೆಯೋ? ಜೇಬುಗಳ್ಳನು ನಮ್ಮ ಪರ್ಸು ಹೊಡೆದು, ಬಸ್ ಚಾರ್ಜಿಗೆ ಹತ್ತು ರೂಪಾಯಿ ವಾಪಸ್ ಕೊಟ್ಟಾಗ ನಾವು ಕೈಚಾಚುತ್ತೇವಲ್ಲ, ಅಂಥ ಒಪ್ಪಿಗೆ. ಹಾಗಂತ ನಮ್ಮ ತಪ್ಪಿಲ್ಲ ಎನ್ನಲಾರೆ. ಕೈಚಾಚಿದವರು ನಾವೇ.

ಕಾಂಗ್ರೆಸ್ಸು, ದಳದವರು ಈ ಪ್ಯಾರಾ ಓದಿ ಚಪ್ಪಾಳೆ ತಟ್ಟಬೇಡಿ. ನಿಮ್ಮ ಸರದಿಯೂ ಇದೆ.

ಪಕ್ಷಾಂತರ ನಿಷೇಧ ಎಂಬ ಮೂಗುದಾರ

ಮೊದಲು ಈ ಕಾನೂನಿನ ಕತೆ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕ ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಾಯಿಸಿದ. 'ಆಯಾರಾಮ್ ಗಯಾರಾಮ್' ಎಂಬ ಮಾತು ಹುಟ್ಟಿದ್ದೇ ಅಲ್ಲಿ. ಈ ರೋಗಕ್ಕೆ ಔಷಧಿಯೆಂದು 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿತು. ಪಕ್ಷ ಬಿಟ್ಟರೆ ಸ್ಥಾನ ಹೋಗುತ್ತದೆ. ಅಷ್ಟೇ ಆಗಿದ್ದರೆ ನಾನು ಕೈಮುಗಿಯುತ್ತಿದ್ದೆ. ಅದರ ಬಾಲದಲ್ಲಿ ಇನ್ನೊಂದು ಸೇರಿಸಿದರು. ಪಕ್ಷದ ವಿಪ್ ಹೇಳಿದಂತೆ ಸದನದಲ್ಲಿ ಮತ ಹಾಕದಿದ್ದರೂ, ಹಾಕದೆ ಸುಮ್ಮನೆ ಕೂತರೂ ಸ್ಥಾನ ಹೋಗುತ್ತದೆ.

ಇದರ ಅರ್ಥ ಮಾಡಿಕೊಳ್ಳಿ. ನಿಮ್ಮ ಊರಿನ ನೀರಿನ ವಿಷಯ ಸದನಕ್ಕೆ ಬಂತು. ನಿಮ್ಮ ಶಾಸಕನಿಗೂ ನಿಮ್ಮದೇ ಅಭಿಪ್ರಾಯ. ವಿಪ್ ಬೇರೆ ಹೇಳಿತು. ಅವನು ನಿಮ್ಮ ಪರ ಕೈ ಎತ್ತಿದರೆ ಪದವಿ ಹೋಗುತ್ತದೆ, ನಿಮ್ಮ ಕುತ್ತಿಗೆಗೆ ಕೈಹಾಕಿದರೆ ಪದವಿ ಉಳಿಯುತ್ತದೆ. ಸಂವಿಧಾನದಲ್ಲೇ ಹೀಗೆ ಬರೆದಿಟ್ಟ ಮೇಲೆ ಅವನು ಯಾರ ಪ್ರತಿನಿಧಿ? ನಿಮ್ಮವನೋ, ಬಿ ಫಾರಂಗೆ ಸಹಿ ಹಾಕಿದವನವನೋ?

ಬಿ ಫಾರಂ ಎಂದರೆ ಏನೆಂದು ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಇಂಥವನೇ ನಮ್ಮ ಅಧಿಕೃತ ಅಭ್ಯರ್ಥಿ, ನಮ್ಮ ಚಿಹ್ನೆ ಇವನಿಗೇ ಕೊಡಿ ಎಂದು ಪಕ್ಷದವರು ಚುನಾವಣಾಧಿಕಾರಿಗೆ ಕೊಡುವ ಒಂದು ಹಾಳೆ. ಅಚ್ಚು ಹಾಕಲು ನನಗೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ಆ ಹಾಳೆಗಾಗಿ ನಮ್ಮ ನಾಯಕರು ದೆಹಲಿಯ ವಿಮಾನ ಹತ್ತಿ, ಯಾರದೋ ಬಂಗಲೆಯ ಗೇಟಿನ ಹೊರಗೆ ಇಸ್ತ್ರಿ ಬಟ್ಟೆ ಮುದುಡುವ ತನಕ ನಿಲ್ಲುತ್ತಾರೆ. ನಮ್ಮ ಲಕ್ಷ ವೋಟಿನ ಮುಂದೆ ಒಂದು ಸಹಿ ದೊಡ್ಡದು. ಮತ ಹಾಕುವುದು ನಾವಾದರೂ ಆಯ್ಕೆ ಮಾಡುವುದು ಅವರು. ಅಲ್ಲಿ ಜರಡಿ ಹಿಡಿದು ಉಳಿಸಿದ್ದರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂಬುದಷ್ಟೇ ನಮ್ಮ ಪಾಲು. ಯಾರೂ ಬೇಡವೆಂದರೆ 2013ರಿಂದ 'ನೋಟಾ' ಗುಂಡಿ ಇದೆಯಲ್ಲ ಎನ್ನುತ್ತೀರಿ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಆ ಗುಂಡಿಗೇ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಅದರ ಹಿಂದೆ ಇರುವವನೇ ಗೆಲ್ಲುವುದು. ಗುಂಡಿ ಒತ್ತಿದ ಸದ್ದು ಮಾತ್ರ ನಮ್ಮದು.

ಕಾನೂನು ಪಕ್ಷಾಂತರವನ್ನಾದರೂ ನಿಲ್ಲಿಸಿತೇ? ಅದೂ ಇಲ್ಲ. ಮೊದಲು ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಒಡೆದರೆ ಅದು ಪಕ್ಷಾಂತರವಲ್ಲ, 'ವಿಭಜನೆ' ಎಂಬ ರಿಯಾಯಿತಿ ಇತ್ತು. ಚಿಲ್ಲರೆ ಕಳ್ಳತನ ಅಪರಾಧ, ಸಗಟು ಕಳ್ಳತನ ವ್ಯಾಪಾರ! 2003ರ 91ನೇ ತಿದ್ದುಪಡಿ ಅದನ್ನು ತೆಗೆದು, ಮೂರನೇ ಎರಡು ಭಾಗದ 'ವಿಲೀನ'ವನ್ನು ಉಳಿಸಿತು. ಆಗ ನಮ್ಮ ಕರ್ನಾಟಕದ ಬುದ್ಧಿವಂತರು ಹೊಸ ದಾರಿ ಕಂಡುಹಿಡಿದರು. ಪಕ್ಷಾಂತರ ಯಾಕೆ, ರಾಜೀನಾಮೆ ಕೊಟ್ಟುಬಿಡಿ, ಉಪಚುನಾವಣೆಗೆ ನಿಲ್ಲಿ, ಗೆದ್ದು ಮಂತ್ರಿಯಾಗಿ. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂದು ಬಹುಮತಕ್ಕೆ ಮೂರು ಕಡಿಮೆಯಾದಾಗ ಈ ಪ್ರಯೋಗ ಶುರು. ಇಡೀ ದೇಶಕ್ಕೆ ನಾವು 'ಆಪರೇಷನ್ ಕಮಲ' ಎಂಬ ಪದ ಕೊಟ್ಟೆವು. ಕನ್ನಡ ನಾಡು ಭಾರತದ ರಾಜಕೀಯ ನಿಘಂಟಿಗೆ ಕೊಟ್ಟ ಕಾಣಿಕೆ ಇದು. ಆ ಉಪಚುನಾವಣೆಗಳ ಖರ್ಚು ಯಾರದ್ದು? ನೀವು ಬೀಡಾ ಅಂಗಡಿಯಲ್ಲಿ ಕಟ್ಟುವ ತೆರಿಗೆಯದ್ದು.

ಇನ್ನು ಇದಕ್ಕೆ ನ್ಯಾಯಾಧೀಶ ಯಾರು? ಸ್ಪೀಕರ್. ಅವನೂ ಒಂದು ಪಕ್ಷದ ಟಿಕೆಟಿನಲ್ಲಿ ಗೆದ್ದವನೇ. 2010ರ ಅಕ್ಟೋಬರಿನಲ್ಲಿ ವಿಶ್ವಾಸಮತಕ್ಕೆ ಮುಂಚೆ ಆಗಿನ ಸ್ಪೀಕರ್ 16 ಶಾಸಕರನ್ನು ಅನರ್ಹ ಮಾಡಿದರು, ಸರ್ಕಾರ ಉಳಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಏಳು ತಿಂಗಳು ಅಷ್ಟೂ ಕ್ಷೇತ್ರದ ಜನಕ್ಕೆ ಶಾಸಕರೇ ಇಲ್ಲ! ಯಾರಾದರೂ ಆ ಮತದಾರರ ಕ್ಷಮೆ ಕೇಳಿದರೇ?

ವಿಮಾನ ನಿಲ್ದಾಣದಲ್ಲಿ ಬಿದ್ದ ಸರ್ಕಾರ

ಈಗ ಕಾಂಗ್ರೆಸ್ಸಿನವರ ಸರದಿ. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕರ್ನಾಟಕದ ಜನ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ ಕೊಟ್ಟರು. ಅಂಥ ಬಹುಮತ! ಒಂದು ವರ್ಷವೂ ಆಗಲಿಲ್ಲ, 1990ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಬೆಂಗಳೂರಿಗೆ ಬಂದರು. ಪಾಟೀಲರಿಗೆ ಆರೋಗ್ಯ ಕೆಟ್ಟಿತ್ತು. ವಾಪಸ್ ಹೋಗುವಾಗ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ ಮುಖ್ಯಮಂತ್ರಿ ಬದಲಾಗುತ್ತಾರೆಂದು ಹೇಳಿ ವಿಮಾನ ಹತ್ತಿದರು. ನನಗಾಗ ಹತ್ತು ವರ್ಷವೂ ತುಂಬಿರಲಿಲ್ಲ. ಅಪ್ಪ ಪೇಪರು ಮಡಿಸಿ ಪಕ್ಕಕ್ಕಿಟ್ಟು, 'ನಾವು ವೋಟು ಹಾಕಿದ್ದು ವಿಧಾನಸೌಧಕ್ಕೆ ಅಂದ್ಕೊಂಡಿದ್ವಿ, ಏರ್‌ಪೋರ್ಟಿಗಂತೆ' ಎಂದದ್ದು ನೆನಪಿದೆ. ರಾಷ್ಟ್ರಪತಿ ಆಳ್ವಿಕೆ ಬಂತು, ಅದು ಹೋಯಿತು, ಅಕ್ಟೋಬರ್ 17ಕ್ಕೆ ಬಂಗಾರಪ್ಪ ಬಂದರು. 1992ರಲ್ಲಿ ಅವರೂ ಹೋಗಿ ಮೊಯಿಲಿ ಬಂದರು. ಒಂದೇ ಮ್ಯಾಂಡೇಟು, ಮೂವರು ಮುಖ್ಯಮಂತ್ರಿಗಳು. 178 ಜನರಲ್ಲಿ ಒಬ್ಬನಾದರೂ ಎದ್ದು, ನನ್ನ ಕ್ಷೇತ್ರದ ಜನರನ್ನು ಕೇಳಿ ಬರುತ್ತೇನೆ ಎಂದನೇ?

ಲೆಕ್ಕ ಹಾಕಿ. 2004ರ ವಿಧಾನಸಭೆಯಲ್ಲಿ ಧರ್ಮಸಿಂಗ್, ಕುಮಾರಸ್ವಾಮಿ, ಏಳು ದಿನದ ಯಡಿಯೂರಪ್ಪ. 2008ರದ್ದರಲ್ಲಿ ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್. 2018ರದ್ದರಲ್ಲಿ ಎರಡು ದಿನದ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಆಮೇಲೆ 2021ರ ಜುಲೈನಲ್ಲಿ ಬೊಮ್ಮಾಯಿ. ಜನ ಬಾಯಿಬಿಟ್ಟದ್ದು ಐದು ವರ್ಷಕ್ಕೊಮ್ಮೆ. ನಡುವೆ ಕುರ್ಚಿಯ ಮೇಲಿನ ಮನುಷ್ಯ ಬದಲಾದದ್ದು ನಮಗೆ ಟೀವಿಯಲ್ಲಿ ಗೊತ್ತಾಯಿತು.

ಲೋಕಸಭೆಯ ಕತೆಯೂ ಇಷ್ಟೇ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಒಬ್ಬನೇ ಮನುಷ್ಯ. 2019ರಲ್ಲಿ ನಾವು 28ರಲ್ಲಿ 25 ಜನರನ್ನು ಕೇಂದ್ರದ ಆಡಳಿತ ಪಕ್ಷಕ್ಕೇ ಕೊಟ್ಟೆವು. ಆ ವರ್ಷದ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಕೃಷ್ಣೆ, ಮಲಪ್ರಭೆ ಉಕ್ಕಿ ಊರಿಗೆ ಊರೇ ಮುಳುಗಿತು. ಕೇಂದ್ರದ ಮೊದಲ ಪರಿಹಾರ, 1,200 ಕೋಟಿ, ಬಿಡುಗಡೆಯಾದದ್ದು ಅಕ್ಟೋಬರಿನಲ್ಲಿ. 25 ಜನರಿಗೆ ಒಟ್ಟು ಐವತ್ತು ತುಟಿ, ಒಂದಾದರೂ ಜೋರಾಗಿ ಅಲುಗಾಡಬೇಕಿತ್ತು. 2024ರ ಮಾರ್ಚಿನಲ್ಲಿ ಬರ ಪರಿಹಾರ ಕೊಡಿಸಿ ಎಂದು ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಸಂಸತ್ತಿನಲ್ಲಿ ಕೇಳಬೇಕಾದ್ದನ್ನು ವಕೀಲರಿಂದ ಕೇಳಿಸುವುದಾದರೆ ಸಂಸದರು ಯಾಕೆ?

ಸಂಸತ್ತು ನಡೆಯುವ ರೀತಿಯನ್ನಾದರೂ ನೋಡಿ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳನ್ನು ಧ್ವನಿಮತದಲ್ಲಿ ಪಾಸು ಮಾಡಿದರು. ಮತ ಎಣಿಸಿ ಎಂದು ವಿರೋಧ ಪಕ್ಷದವರು ಕೂಗಿದರೂ ಎಣಿಸಲಿಲ್ಲ. ರೈತರು ದೆಹಲಿಯ ಗಡಿಯಲ್ಲಿ ಒಂದು ವರ್ಷ ಕೂತರು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ವಾಪಸ್ ತೆಗೆದುಕೊಂಡಾಗಲೂ ಎರಡೂ ಸದನಗಳಲ್ಲಿ ಚರ್ಚೆಯಿಲ್ಲ. ಬರುವಾಗಲೂ ಕೇಳಲಿಲ್ಲ, ಹೋಗುವಾಗಲೂ ಹೇಳಲಿಲ್ಲ.

ನಮ್ಮ ಹೆಸರಿನ 12 ಕುರ್ಚಿಗಳು

ರಾಜ್ಯಸಭೆ ಎಂದರೆ ರಾಜ್ಯಗಳ ಸಭೆ. ಕರ್ನಾಟಕಕ್ಕೆ 12 ಕುರ್ಚಿ. ಒಂದು ಕಾಲಕ್ಕೆ ಒಂದು ರಾಜ್ಯದಿಂದ ಹೋಗಬೇಕಾದರೆ ಆ ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರಾದರೂ ಇರಬೇಕಿತ್ತು. ಬಾಡಿಗೆ ಕರಾರು ತೋರಿಸಿ ಕಣ್ಣಿಗೆ ಮಣ್ಣೆರಚುವವರು ಇದ್ದರು, ನಿಜ. 2003ರಲ್ಲಿ ಸಂಸತ್ತು ಆ ಕಷ್ಟವನ್ನೂ ತೆಗೆದುಹಾಕಿತು. ದೇಶದ ಯಾವ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಸಾಕು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು. ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿ ಹಾಕಬೇಕು! ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಆಂಧ್ರದ ನೆಲ್ಲೂರಿನ ವೆಂಕಯ್ಯ ನಾಯ್ಡು 1998, 2004, 2010, ಮೂರು ಸಲ ನಮ್ಮ ರಾಜ್ಯದಿಂದ ಹೋದರು. ಹದಿನೆಂಟು ವರ್ಷ. 2011ರಲ್ಲಿ ಹೇಮಾ ಮಾಲಿನಿ ಅವರೂ ನಮ್ಮ ಪ್ರತಿನಿಧಿಯಾದರು. 2016ರಲ್ಲಿ ನಿಮ್ಮಂಥ ಹುಡುಗರೇ 'ವೆಂಕಯ್ಯ ಸಾಕಯ್ಯಾ' ಎಂದು ಎದ್ದು ನಿಂತಿರಿ. ಭೇಷ್! ಆ ಸಲ ಅವರು ರಾಜಸ್ಥಾನದಿಂದ ಹೋದರು. ಅವರು ಬಿಟ್ಟ ಜಾಗಕ್ಕೆ ಯಾರು ಬಂದರು? ನಿರ್ಮಲಾ ಸೀತಾರಾಮನ್. ಕಾಂಗ್ರೆಸ್ಸು ಅದೇ ವರ್ಷ ಜೈರಾಂ ರಮೇಶರನ್ನು ಕಳಿಸಿತು. 2022ರಲ್ಲಿ ಮತ್ತೆ ಇಬ್ಬರೂ. 2024ರಲ್ಲಿ ದೆಹಲಿಯ ಅಜಯ್ ಮಾಕನ್. ಪಕ್ಷ ಬೇರೆ, ಚಾಳಿ ಒಂದೇ.

ಇವರ ಭಾಷೆ ಯಾವುದು, ಊರು ಯಾವುದು ಎಂಬುದು ನನ್ನ ಜಗಳವಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ನನ್ನ ಪ್ರೆಸ್ಸಿನ ಕಟ್ಟರ್ ಮಾಸ್ಟರ್ ತಮಿಳಿನವರು, ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ, ನಮ್ಮ ಗಲ್ಲಿಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಮೊದಲು ಜಗಳಕ್ಕೆ ನಿಲ್ಲುವವರು ಅವರು. ನಮ್ಮನ್ನು ಪ್ರತಿನಿಧಿಸುವ ಯೋಗ್ಯತೆ ಅವರಿಗಿದೆ. ನಮ್ಮ ನಲ್ಲಿಯ ನೀರು ಕುಡಿಯದವರಿಗೆ, ನಮ್ಮ ಬರಗಾಲ ಪೇಪರಿನಲ್ಲಿ ಓದಿದವರಿಗೆ ಕರ್ನಾಟಕದ ಹೆಸರಿನ ಕುರ್ಚಿ ಯಾಕೆ ಎಂಬುದಷ್ಟೇ ಪ್ರಶ್ನೆ. ಅವರನ್ನು ಆರಿಸಿದವರು ನಮ್ಮ ಶಾಸಕರು. ಯಾರಿಗೆ ಹಾಕಿದರೆಂದು ನಮಗೆ ತೋರಿಸಬೇಕಾಗಿಲ್ಲ, ಪಕ್ಷದ ಏಜೆಂಟನಿಗೆ ತೋರಿಸಬೇಕು. ಯಜಮಾನ ಯಾರೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕೇ?

ಕೂಡು, ಕಳೆ ಬಾರದ ಲೆಕ್ಕ

ನಾನು ಗಣಿತದಲ್ಲಿ ದಡ್ಡ. ಆದರೆ ಕೆಳಗಿನ ಲೆಕ್ಕ ದಡ್ಡನಿಗೂ ಅರ್ಥವಾಗುತ್ತದೆ. 2008ರಲ್ಲಿ ಕಾಂಗ್ರೆಸ್ಸಿಗೆ ಶೇ. 34.8 ಮತ, 80 ಸ್ಥಾನ. ಬಿಜೆಪಿಗೆ ಶೇ. 33.9 ಮತ, 110 ಸ್ಥಾನ. 2018ರಲ್ಲೂ ಹಾಗೇ: ಸುಮಾರು ಶೇ. 38 ಮತ ಪಡೆದ ಕಾಂಗ್ರೆಸ್ಸಿಗೆ 80, ಶೇ. 36 ಪಡೆದ ಬಿಜೆಪಿಗೆ 104. ಹೆಚ್ಚು ಜನ ಬೇಕೆಂದ ಪಕ್ಷ ಹಿಂದೆ, ಕಡಿಮೆ ಜನ ಬೇಕೆಂದ ಪಕ್ಷ ಮುಂದೆ. ಕಾಂಗ್ರೆಸ್ಸಿನವರು ಕಣ್ಣೀರು ಹಾಕುವುದು ಬೇಡ. 1989ರಲ್ಲಿ ಅವರ 178 ಸ್ಥಾನ ಬಂದದ್ದು ಶೇ. 44ಕ್ಕಿಂತ ಕಡಿಮೆ ಮತದಲ್ಲಿ. ಆಗ ಸುಮಾರು ಶೇ. 27 ಮತ ಪಡೆದ ಜನತಾದಳಕ್ಕೆ ಸಿಕ್ಕಿದ್ದು ಬರೀ 24. ಅಂದರೆ ನಾಲ್ಕು ಜನ ಮತದಾರರಲ್ಲಿ ಒಬ್ಬನಿಗಿಂತ ಹೆಚ್ಚು ಜನರ ಮಾತಿಗೆ ಸದನದಲ್ಲಿ ಒಂದು ಮೂಲೆ. ನಾಲ್ಕೈದು ಜನ ನಿಂತಿರುವ ಕಡೆ ಒಬ್ಬ ಒಂದು ಮತ ಹೆಚ್ಚು ಪಡೆದರೆ ಸಾಕು, ಉಳಿದವರಿಗೆ ಬಿದ್ದ ಮತವೆಲ್ಲ ಕಸದಬುಟ್ಟಿಗೆ. ಅದಕ್ಕೇ ಪುಢಾರಿಗಳು ಇಡೀ ಕ್ಷೇತ್ರವನ್ನು ಒಲಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಒಂದು ಜಾತಿ, ಒಂದು ಬಡಾವಣೆ, ಒಂದಿಷ್ಟು ನೋಟು, ಮೂರನೇ ಒಂದು ಭಾಗ ಬಂದರೆ ಗೆದ್ದ ಹಾಗೆ.

ಊರಿನ ಒಳಗೂ ಒಂದು ಮತಕ್ಕೆ ಒಂದೇ ತೂಕವಿಲ್ಲ. 2023ರಲ್ಲಿ ಶೃಂಗೇರಿ ಕ್ಷೇತ್ರದ ಮತದಾರರು 1.7 ಲಕ್ಷದ ಆಸುಪಾಸು, ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದವರು 6.5 ಲಕ್ಷವನ್ನೂ ಮೀರಿದವರು. ಇಬ್ಬರಿಗೂ ಒಬ್ಬೊಬ್ಬ ಶಾಸಕ.

ಇನ್ನು ಬೆಂಗಳೂರಿನ ಹುಡುಗರಿಗೆ ಒಂದು ಪ್ರಶ್ನೆ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು? ಹೇಳಲಾಗುವುದಿಲ್ಲ, ಯಾಕೆಂದರೆ 2015ರ ಆಗಸ್ಟಿನಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ವಾರ್ಡು 198 ಎಂದರು, 243 ಎಂದರು, 225 ಎಂದರು, ಕೋರ್ಟು ಎಂದರು, ಮೀಸಲಾತಿ ಪಟ್ಟಿ ಎಂದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನೇ ಐದು ತುಂಡು ಮಾಡಿದರು. ಐದು ವರ್ಷ ಕೋಟಿಗೂ ಮೀರಿದ ಜನರ ಊರನ್ನು ಅಧಿಕಾರಿಗಳು ಆಳಿದರು. ಈ ಐದು ವರ್ಷದಲ್ಲಿ ಮೂರೂ ಪಕ್ಷಗಳ ಶಾಸಕರು ಒಳಗೊಳಗೆ ಸುಖವಾಗಿದ್ದರು. ಕಾರ್ಪೊರೇಟರ್ ಇಲ್ಲದಿದ್ದರೆ ಚರಂಡಿಯ ಕಂಟ್ರಾಕ್ಟೂ ತಮ್ಮದೇ. ಕಾನೂನು ಮಾಡಬೇಕಾದವನು ಮೋರಿಯ ಕಲ್ಲು ಎಣಿಸುತ್ತ ಕೂತ. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಅಲ್ಲೂ ವರ್ಷಗಟ್ಟಲೆ ಇದೇ ಕತೆ.

ನೀವೂ ಕೇಳಿಸಿಕೊಳ್ಳಬೇಕು. ಮತದಾನದ ದಿನ ಬೆಂಗಳೂರಿನಲ್ಲಿ ಶೇ. 55 ದಾಟಿದರೆ ಹಬ್ಬ. ಉಳಿದವರು ಎಲ್ಲಿ? ಸಾಲು ರಜೆ ಸಿಕ್ಕಿತೆಂದು ಕೂರ್ಗಿನ ರಸ್ತೆಯಲ್ಲಿ. ಶಾಸಕ ರೆಸಾರ್ಟಿಗೆ ಹೋದರೆ ಬೈಯುತ್ತೀರಿ, ನೀವೂ ರೆಸಾರ್ಟಿಗೇ ಹೋದರೆ ಹೇಗೆ ತಮ್ಮಾ?

ಹಾಗಾದರೆ ಏನು ಬೇಕು?

ಪ್ರಜಾಪ್ರಭುತ್ವವೇ ಬೇಡ, ಮಿಲಿಟರಿ ಬರಲಿ ಎನ್ನುವ ಟೀ ಅಂಗಡಿ ಪಂಡಿತರು ನನ್ನ ಪ್ರೆಸ್ಸಿನ ಮುಂದೆಯೂ ಕೂರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ. ಆ ರಾಜ್ಯದಲ್ಲಿ ಈ ಪತ್ರಿಕೆ ಇರುವುದಿಲ್ಲ, ಅಚ್ಚು ಹಾಕಿದವನು ಮನೆಯಲ್ಲಿರುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಪೊಲೀಸರು ಬಂದು ಪ್ರೂಫ್ ಓದುತ್ತಿದ್ದ ಕತೆಯನ್ನು ಅಪ್ಪ ಹೇಳುತ್ತಿದ್ದರು. ನನಗೆ ಬೇಕಿರುವುದು ರಿಪೇರಿ.

ವಿಪ್ಪಿನ ಬಾಲ ಕತ್ತರಿಸಬೇಕು. ಸರ್ಕಾರ ಉಳಿಯುವ, ಬೀಳುವ ಮತಕ್ಕೆ, ಹಣಕಾಸಿನ ಮಸೂದೆಗೆ ವಿಪ್ ಇರಲಿ, ಉಳಿದದ್ದರಲ್ಲಿ ಶಾಸಕ ತನ್ನ ಕ್ಷೇತ್ರದ ಮಾತು ಆಡಲಿ. ಇದು ಪಿಯುಸಿ ಓದಿದ ನನ್ನ ತಲೆಯಿಂದ ಬಂದದ್ದಲ್ಲ, 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ವರದಿ ಧೂಳು ತಿನ್ನುತ್ತಿದೆ. ಈ ಸಂಸದೀಯ ಪದ್ಧತಿ ಬ್ರಿಟನ್ನಿನಿಂದ ಬಂದದ್ದೆಂದು ಕೊಚ್ಚಿಕೊಳ್ಳುತ್ತೇವಲ್ಲ, 2019ರ ಸೆಪ್ಟೆಂಬರಿನಲ್ಲಿ ಅಲ್ಲಿನ ಆಡಳಿತ ಪಕ್ಷದ 21 ಸಂಸದರು ಬ್ರೆಕ್ಸಿಟ್ ವಿಷಯದಲ್ಲಿ ತಮ್ಮ ಪ್ರಧಾನಿಯ ವಿರುದ್ಧವೇ ಮತ ಹಾಕಿದರು. ಪಕ್ಷದ ಗುಂಪಿನಿಂದ ಹೊರಗೆ ಹಾಕಿದರು, ಸಂಸತ್ತಿನ ಸ್ಥಾನವನ್ನು ಯಾರೂ ಮುಟ್ಟಲಿಲ್ಲ, ಅದು ಮತದಾರರು ಕೊಟ್ಟದ್ದು. ಅದೇ ಬ್ರಿಟನ್ನಿನಲ್ಲಿ 2015ರಿಂದ ಇನ್ನೊಂದು ಕಾಯ್ದೆ ಇದೆ. ಜೈಲು ಶಿಕ್ಷೆ, ಸದನದಿಂದ ಅಮಾನತು ಮುಂತಾದ ಸಂದರ್ಭದಲ್ಲಿ ಕ್ಷೇತ್ರದ ಶೇ. 10 ಮತದಾರರು ಆರು ವಾರದೊಳಗೆ ಸಹಿ ಹಾಕಿದರೆ ಸಂಸದನ ಸ್ಥಾನ ಖಾಲಿ. 2019ರಲ್ಲಿ ಪೀಟರ್‌ಬರೋ ಎಂಬ ಊರಿನ ಜನ ಹಾಗೆಯೇ ಒಬ್ಬ ಸಂಸದೆಯನ್ನು ಮನೆಗೆ ಕಳಿಸಿದರು. ನಮ್ಮಲ್ಲಿ ಪಕ್ಷ ಬಿಟ್ಟವನನ್ನು, ರಾಜೀನಾಮೆ ಕೊಟ್ಟು ಇನ್ನೊಂದು ಚಿಹ್ನೆಯಲ್ಲಿ ಬರುವವನನ್ನು ವಾಪಸ್ ಕರೆಯುವ ಹಕ್ಕು ಯಾಕೆ ಇರಬಾರದು? ಅಂಥವನು ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಚುನಾವಣೆಗೂ ನಿಲ್ಲಬಾರದು, ಮಂತ್ರಿಗಿರಿ, ನಿಗಮ ಮಂಡಳಿ ಯಾವುದೂ ಸಿಗಬಾರದು. ರಾಜ್ಯಸಭೆಗೆ ವಾಸದ ನಿಯಮ ವಾಪಸ್ ಬರಬೇಕು. ಇವೆಲ್ಲಕ್ಕೂ ಕಾನೂನು ತಿದ್ದಬೇಕಾದವರು ಅವರೇ. ಕುರಿ ಕಾಯಲು ತೋಳಕ್ಕೇ ಅರ್ಜಿ ಹಾಕಿದ ಹಾಗೆ, ಗೊತ್ತಿದೆ. ಅದಕ್ಕೇ ಕಾನೂನು ಬರುವ ತನಕ ನಾವು ಕೈಕಟ್ಟಿ ಕೂರಬಾರದು.

ಮುಂದಿನ ಚುನಾವಣೆಗೆ, ಅದು ಕಾರ್ಪೊರೇಷನ್ನೇ ಇರಲಿ, ವಿಧಾನಸಭೆಯೇ ಇರಲಿ, ನಾನು ಒಂದು ಹಾಳೆಯ ಮುಚ್ಚಳಿಕೆ ಅಚ್ಚು ಹಾಕಿಡುತ್ತೇನೆ. 'ನಾನು ಈ ಚಿಹ್ನೆಯಲ್ಲಿ ಗೆದ್ದು ಅವಧಿಯ ನಡುವೆ ಬೇರೆ ಪಕ್ಷಕ್ಕೆ ಹೋಗುವುದಿಲ್ಲ. ಹೋಗುವುದಾದರೆ ಅದಕ್ಕೆ ಮೊದಲು ವಾರ್ಡು ವಾರ್ಡಿಗೆ ಬಂದು ಸಭೆ ಕರೆದು ಕಾರಣ ಹೇಳುತ್ತೇನೆ. ಆರು ತಿಂಗಳಿಗೊಮ್ಮೆ ಸದನದಲ್ಲಿ ಏನು ಮಾತನಾಡಿದೆ, ಯಾವುದಕ್ಕೆ ಕೈ ಎತ್ತಿದೆ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತೇನೆ.' ಕೆಳಗೆ ಅಭ್ಯರ್ಥಿಯ ಸಹಿ, ಅವನನ್ನು ಖುದ್ದಾಗಿ ಬಲ್ಲ ಇಬ್ಬರ ಸಾಕ್ಷಿ, ನಾನು ಕರಪತ್ರಕ್ಕೆ ಕೇಳುವ ಹಾಗೆಯೇ. ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ ಎಂದು ವಕೀಲರು ಹೇಳಿದ್ದಾರೆ. ನಿಲ್ಲದಿರಲಿ. ಸಹಿ ಹಾಕಿದ ಹಾಳೆಯನ್ನು ದೊಡ್ಡದು ಮಾಡಿ ಅವನ ಆಫೀಸಿನ ಎದುರು ಗೋಡೆಗೆ ಅಂಟಿಸಲು ಕೋರ್ಟು ಬೇಕಿಲ್ಲ.

ನಿಮ್ಮ ಬಡಾವಣೆಗೆ ಮತ ಕೇಳಲು ಬಂದವನನ್ನು ನಿಲ್ಲಿಸಿ, ಪೆನ್ನು ಕೊಟ್ಟು ಸಹಿ ಹಾಕಿಸಿಕೊಳ್ಳಿ. ಹಾಕದವನ ಹೆಸರನ್ನೂ ಬರೆದಿಡಿ. ಹಾಳೆ ಬೇಕಾದವರು ನಿಮ್ಮ ಸಂಘದ ಶಾಖೆಯವರ ಕೈಲಿ ಹೇಳಿ ಕಳಿಸಿ. ಕಾಗದದ ಕಾಸು ನಿಮ್ಮದು, ಅಚ್ಚಿನ ಕೂಲಿ ನನ್ನದು. ಕೆಳಗೆ ಮುದ್ರಕರ ಹೆಸರು, ವಿಳಾಸ ಎಂದಿನಂತೆ ಇರುತ್ತದೆ.